ಹಿಂಬದಿ

ಹದಿನೆಂಟನೇ ಅಧ್ಯಾಯದ ಸುಮಾರಿಗೆ
ಅವರನ್ನು ಬೇರೆ ಮಾಡಲೇಬೇಕು.
ಒಂದು ತಪ್ಪು ತಿಳಿವಳಿಕೆ, ಒಂದು ಜ್ವರ,
ತಡವಾಗಿ ತಲುಪಿದ ಕಾಗದ.
ಆಮೇಲೆ ಕ್ಷಮೆ, ರೋಸಿನ ದಿನದ ತೆಂಗಿನ ಹಾಲು,
ಕೊರಳಿಗೆ ಕರಿಮಣಿ.
ಉಪ್ಪಳದ ಈ ಕಾಲಲುಗುವ ಮೇಜಿನಲ್ಲಿ
ಮೂವತ್ತೊಂದು ಜೋಡಿಗಳನ್ನು ದಡ ಸೇರಿಸಿದ್ದೇನೆ.

ಬರೆದದ್ದೆಲ್ಲ ಹಿಂಬದಿಯಲ್ಲಿ.
ವಿಲೇಜ್ ಆಫೀಸಿನಲ್ಲಿ ನಮೂನೆ ಬದಲಾದಾಗಲೆಲ್ಲ
ಇನಾಸ ಹಳೆಯವನ್ನು ಕಟ್ಟಿ ತರುತ್ತಿದ್ದ.
ಮುಂದೆ ಮಲಯಾಳದಲ್ಲಿ ಸರ್ವೆ ನಂಬ್ರ, ಭೂತೆರಿಗೆ, ಬಾಕಿ;
ಹಿಂದೆ ನನ್ನ ಹುಡುಗಿಯರು,
ಮನೆಯಲ್ಲಿ ಕೊಂಕಣಿ, ಬಸ್ಸಿನಲ್ಲಿ ತುಳು,
ಪ್ರೀತಿಸಲಿಕ್ಕೆ ಮಾತ್ರ ಕನ್ನಡ.
ಅವನು ಒಂದನ್ನೂ ಓದಿದವನಲ್ಲ.
ರಾತ್ರಿ ಊಟವಾದ ಮೇಲೆ ಕೆಂಪು ಪೆನ್ಸಿಲಿನಲ್ಲಿ
ಹಾಳೆ ಹಾಳೆಗೂ ಅಂಚಿನ ಗೆರೆ ಎಳೆದುಕೊಡುತ್ತಿದ್ದ.
“ಅಕ್ಷರ ಆಚೆ ಬೀಳಬಾರದಲ್ಲ.”
ಅವನು ನನಗಾಡಿದ ಪ್ರೇಮದ ಮಾತು,
ಲೆಕ್ಕ ಹಾಕಿದರೆ, ಅದೊಂದೇ.

ಕುಮ್ಸಾರಿನಲ್ಲಿ ಒಮ್ಮೆ ಹೇಳಿದ್ದೆ:
ನೂರ ನಲವತ್ತೆರಡನೇ ಪುಟದಲ್ಲಿ ಮುತ್ತು ಉಂಟು ಫಾದರ್,
ಸ್ವಲ್ಪ ಉದ್ದವಾಯಿತು.
ಜಾಲರಿಯಾಚೆ ಮೌನ. ಗಂಟಲು ಸರಿಮಾಡಿದ ಸದ್ದು.
“ಆಮೇಲೆ ಮದುವೆಯಾಗುತ್ತಾನಷ್ಟೆ?”
ಆಗುತ್ತಾನೆ ಎಂದೆ.
ಪ್ರಾಯಶ್ಚಿತ್ತಕ್ಕೆ ಮೂರು ನಮಾನ್ ಮರಿಯೆ.
ಎರಡು ನನಗೆ ಹೇಳಿಕೊಂಡೆ, ಒಂದು ಅವನಿಗೆ.

ನಾದಿನಿ ಐರಿನ್ ಅನ್ನುವುದು, ಎಲ್ಲ ಒಂದೇ ಕಥೆಯಂತೆ.
ಹೌದು ಮಾರಾಯ್ತಿ.
ತೇರ್ಸಿನಲ್ಲಿ ಐವತ್ತಮೂರು ಸಲ ಅದೇ ಮಾತು;
ಹತ್ತನೆಯ ಮಣಿಗೆ ಮಾತೆ ಆಕಳಿಸಿದ್ದನ್ನು
ನಾನಂತೂ ಕಂಡಿಲ್ಲ.

ಕಳೆದ ಬುಧವಾರ ಹೊಸಂಗಡಿಯ ಟೈಲರ್ ನೆಬಿಸಾ ಬಂದಳು,
ಚೀಲದಲ್ಲಿ ನನ್ನ ಏಳನೆಯ ಕಾದಂಬರಿ.
ವಾಚನಾಲಯದ ಪ್ರತಿ, ಬೆನ್ನಿಗೆ ಪ್ಲಾಸ್ಟರು,
ಕೊನೆಯ ಹದಿನಾರು ಪುಟ ಗೆದ್ದಲಿಗೆ.
“ಸುಸಾನ್ನ ಏನಾದಳು ಬಾಯಮ್ಮ?”
ನನ್ನಲ್ಲಿಯೂ ಪ್ರತಿಯಿಲ್ಲ. ಪ್ರಕಾಶಕರು ತೀರಿಹೋದರು.
ಮೂವತ್ತು ವರ್ಷದ ಹಿಂದಿನದು, ನೆನಪಿಲ್ಲ.
ಮದುವೆಯಾಯಿತು ಎಂದೆ.
ಅವಳು ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಹೇಳಿದಳು:
“ಮದುವೆ ಆಗಿರ್ತದೆ, ಅದು ನನಗೂ ಗೊತ್ತುಂಟು.
ಹೇಗೆ ಆಯ್ತು, ಅದು ಬೇಕು.”

ಆ ಭಾನುವಾರ ಪೂಜೆಯಲ್ಲಿ ವಿಶ್ವಾಸ ಸಂಗ್ರಹ ಹೇಳುವಾಗ
ಪುನರುತ್ಥಾನ ಎಂಬಲ್ಲಿ ನಾಲಿಗೆ ನಿಂತಿತು.
ಅನುಮಾನವಲ್ಲ, ಸ್ವಾಮೀ.
ಗೊತ್ತುಂಟು. ಕೊನೆಯ ಪುಟ ನಿನ್ನ ಕರಾರಿನಲ್ಲೇ ಇದೆ.
ಹೇಗೆ ಎನ್ನುವುದು ಬೇಕು.
ಮೊದಲು ಅವನ ಕೆಮ್ಮು ಕೇಳಿಸೀತೋ, ಚಪ್ಪಲಿ ಸದ್ದೋ,
ಕಿವಿಯ ಮೇಲೆ ಆ ಪೆನ್ಸಿಲು ಇದ್ದೀತೋ,
ಅಥವಾ ಅಲ್ಲಿ ಅಂಚೇ ಇಲ್ಲವೋ.

ಅವನು ಗೆರೆ ಎಳೆದಿಟ್ಟ ಹಾಳೆ ಒಂಬತ್ತು ಉಳಿದಿದ್ದವು.
ಮುಟ್ಟಿರಲಿಲ್ಲ ನಾನು.
ಈಗ ಎಂಟು.

ಸುಸಾನ್ನ ಕುಂಬಳೆ ಸ್ಟೇಷನ್ನಿನ ಬೆಂಚಿನಲ್ಲಿ ಕೂತಿದ್ದಾಳೆ.
ರೈಲು ಹೋಗಿ ಹೊತ್ತಾಗಿದೆ.
ಯಾರೋ ಹತ್ತಿರ ಬಂದು ನಿಂತರು;
ಪೋರ್ಟರ್ ಎಂದುಕೊಂಡಳು,
ಸಾಮಾನು ಏನೂ ಇಲ್ಲ ಎಂದಳು ತಲೆಯೆತ್ತದೆ.
ಅವನು ಅವಳ ಹೆಸರು ಕರೆದ.

ಇಲ್ಲಿಯವರೆಗೆ ಬಂದಿದೆ.
ಶಾಯಿ ಇಂಗಿ ಆ ಕಡೆಯ ‘ಬಾಕಿ’
ತಿರುಗುಮುರುಗಾಗಿ ಅವಳ ಸೆರಗಿನ ಹತ್ತಿರ ಮೂಡಿದೆ.
ಇರಲಿ.
ನೆಬಿಸಾ ಬರುವುದು ಬುಧವಾರ.