ಎಂಬತ್ತಮೂರನೇ ಆಟ

ಟಾರ್ಚು ನನ್ನದು, ಸೆಲ್ಲು ಮಾಲೀಕರದ್ದು;
ಅದಕ್ಕೇ ಬೆಳಕು ಯಾವಾಗಲೂ ಒಂದು ತೂಕ ಮಂಕು.
ಕಾರವಾರದ ಟಾಕೀಸಿನಲ್ಲಿ, ಹೆಂಗಸರ ಬಾಗಿಲಲ್ಲಿ
ಹನ್ನೊಂದು ವರ್ಷ ಟಿಕೀಟು ಹರಿದವಳು ನಾನು.
ಸಿನಿಮಾ ನೋಡಿದ್ದು ಕಡಿಮೆ,
ನೋಡುವವರ ಮುಖ ನೋಡಿದ್ದೇ ಹೆಚ್ಚು.

ಆ ಚಿತ್ರದ ಹೆಸರು ಬೇಡ, ಬಿಡಿ.
ಹುಡುಗ ಅಂಚೆಯವ, ಹುಡುಗಿ ಹೊಲಿಗೆಯವಳು.
ಅರ್ಧ ಸಿನಿಮಾ ಅವನು ಬೀಳುವುದೇ ಆಯಿತು:
ಸೈಕಲ್ಲಿನಿಂದ, ಮೆಟ್ಟಿಲಿನಿಂದ, ಅವಳಪ್ಪನ ಕಣ್ಣಿನಿಂದ.
ಬಿದ್ದರೆ ಜನ ನಗುತ್ತಾರೆ, ಇನ್ನೇನು,
ಅಂದುಕೊಂಡಿದ್ದೆ ನಾನೂ.
ಹತ್ತು ಆಟ ಕಳೆದ ಮೇಲೆ ಕಂಡಿತು:
ಕೆಸರಲ್ಲಿ ಮುಳುಗಿದವನ ಒಂದು ಕೈ ಮಾತ್ರ ಮೇಲಿದೆ,
ಅದರಲ್ಲಿ ಅವಳ ಹೆಸರಿನ ಲಕೋಟೆ,
ಒಂದು ಹನಿಯೂ ತಾಗಿಲ್ಲ.
ನಗು ಕೆಸರಿಗಲ್ಲ ಮಾರಾಯ್ರೆ,
ಆ ಒಣ ಕೈಗೆ.

ರವಿವಾರ ಸಂತೆ ಮುಗಿಸಿ ಮ್ಯಾಟಿನಿಗೆ ಬರುತ್ತಿದ್ದರು
ಬೈತಖೋಲದ ಮೀನಿನ ಹೆಂಗಸರು.
ಖಾಲಿ ಬುಟ್ಟಿಗಳು ಹೊರಗೆ, ಗೋಡೆಗೆ ಸಾಲಾಗಿ;
ವಾಸನೆ ಮಾತ್ರ ಟಿಕೀಟಿಲ್ಲದೆ ಒಳಗೆ.
ಮುಂದಿನ ಬೆಂಚಿನ ತುದಿಗೆ ಚಂದ್ರಭಾಗಿ ಹರಿಕಂತ್ರ.
ಗಂಡ ಜಟ್ಟಿಯ ಸಂಗಡ ಮಾತು ಬಿಟ್ಟು ಆರು ವರ್ಷ,
ಬಾಂಗ್ಡೆ ಸಾರಿಗೆ ಉಪ್ಪು ಹೆಚ್ಚಾಯಿತು ಅಂದದ್ದಕ್ಕೆ.
"ಊಟ ಆಗಿದೆ ಅಂತ ನಿನ್ನಪ್ಪನಿಗೆ ಹೇಳು" ಎಂದು
ಮಗನ ಮೂಲಕ ಮಾತು.
ಮಗ ಶಾಲೆಗೆ ಹೋದರೆ ಬೆಕ್ಕಿನ ಮೂಲಕ.

ಅವತ್ತು ಎಂಬತ್ತಮೂರನೇ ಆಟ.
ಅಂಚೆಯವ ಕೊನೆಗೂ ಅವಳ ಹೊಸಿಲಿಗೆ ಬಂದ,
ಟೋಪಿ ತೆಗೆದ, ಗಂಟಲು ಸರಿಮಾಡಿಕೊಂಡ,
ಬಾಯಿ ತೆರೆದ —
ಕರೆಂಟು ಹೋಯಿತು.

ಕತ್ತಲು. ಫ್ಯಾನು ನಿಧಾನಕ್ಕೆ ನಿಲ್ಲುವ ಸದ್ದು.
ಮೇಲೆ ಕ್ಯಾಬಿನ್ನಿನಲ್ಲಿ ಇನಾಸ ಫರ್ನಾಂಡಿಸ
ಏನನ್ನೋ ಎಡವಿ ಏಸುವನ್ನು ಕರೆದ.
ಸೀಟಿ ಇಲ್ಲ, ಕೂಗಿಲ್ಲ. ಮುನ್ನೂರು ಜನ
ತಾವೇ ಹೊಸಿಲಲ್ಲಿ ನಿಂತ ಹಾಗೆ ಉಸಿರು ಹಿಡಿದಿದ್ದರು.
ಆಗ ಮುಂದಿನ ಬೆಂಚಿನಿಂದ:
"ಹೇಳೋ ಮಗನೇ!
ಗಂಟಲಲ್ಲಿ ಮುಳ್ಳು ಸಿಕ್ಕಿತೇನೋ?"

ಟಾಕೀಸಿನ ತಗಡು ಹಾರುವಷ್ಟು ನಗು.
ಆ ನಗು ಇಳಿಯುವ ಮೊದಲೇ
ಗಂಡಸರ ಕಡೆಯಿಂದ, ಹಿಂದಿನ ಸಾಲಿಂದ,
ಬೀಡಿಯಲ್ಲಿ ಒರಟಾದ ಒಂದು ದನಿ,
ಯಾರಿಗೆಂದು ಗೊತ್ತಿಲ್ಲದೆ, ಹೀರೋನ ಪರವಾಗಿ:
"ಹೇಳ್ತೆ ಮಾರಾಯ್ತಿ,
ಕರೆಂಟ್ ಬರ್ಲಿ."

ಈ ಸಲ ಎಲ್ಲರೂ ನಕ್ಕರು,
ಬೈತಖೋಲದವರು ನಗಲಿಲ್ಲ.
ದನಿಯ ಗುರುತು ಅವರಿಗೆ ಹತ್ತಿತ್ತು.
ಯಾಕೋ ನನ್ನ ಹೆಬ್ಬೆರಳು ಗುಂಡಿ ಒತ್ತಿತು.
ಮಂಕು ಬೆಳಕಿನ ವೃತ್ತದಲ್ಲಿ ಚಂದ್ರಭಾಗಿ,
ಸೆರಗು ಬಾಯಿಗೆ ತುರುಕಿಕೊಂಡು, ಭುಜ ಕುಲುಕುತ್ತಿತ್ತು.
ನಗುವೋ, ಮತ್ತೊಂದೋ,
ನೋಡುವುದು ನನ್ನ ಕೆಲಸವಲ್ಲ.
ಆರಿಸಿದೆ.

ಕರೆಂಟು ಬಂತು. ಅಂಚೆಯವ ಹೇಳಿದ.
ಹೊಲಿಗೆಯವಳು ಅತ್ತಳು, ಹೂವು ಬಿತ್ತು, ಎಲ್ಲ ಆಯಿತು.
ನನಗೆ ಒಂದೂ ನೆನಪಿಲ್ಲ.

ನೆನಪಿರುವುದು ಹೊರಗಿನ ಗೋಡೆ,
ನಾಲ್ಕೂವರೆಯ ಬಿಸಿಲು,
ಬುಟ್ಟಿಗಳ ಸಾಲಿನ ಮುಂದೆ ಜಟ್ಟಿ.
ಪರೀಕ್ಷೆಗೆ ಓದದೆ ಬಂದ ಹುಡುಗನ ಹಾಗೆ
ಒಂದೊಂದೇ ನೋಡಿ, ತಡವರಿಸಿ,
ಕೊನೆಗೊಂದನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡ.
ಗಂಡಸು, ಮೀನಿನ ಬುಟ್ಟಿ, ಪೇಟೆಯ ಮಧ್ಯೆ!
ರಿಕ್ಷಾದವರು ಹಾರ್ನು ಹೊಡೆದರು.

ಚಂದ್ರಭಾಗಿ ಬಂದಳು, ನಿಂತಳು,
ಮಗನೂ ಇಲ್ಲ, ಬೆಕ್ಕೂ ಇಲ್ಲ, ಸುತ್ತ ನೋಡಿದಳು,
ನೇರ ಅವನಿಗೇ ಹೇಳಿದಳು:
"ಅದು ನನ್ನ ಬುಟ್ಟಿ ಅಲ್ಲ."

ಅವನು ಇಳಿಸಲಿಲ್ಲ.
ಅವಳದ್ದನ್ನೂ ಅದರ ಮೇಲೆ ಇಟ್ಟುಕೊಂಡು ನಡೆದ.
ಹಿಂದೆ ಇವಳು, ಅವಳ ಹಿಂದೆ
"ನನ್ನ ಬುಟ್ಟಿ! ನನ್ನ ಬುಟ್ಟಿ!" ಎಂದು
ಕೂಗುತ್ತಾ ಓಡಿದ ಮೂರನೆಯವಳು.

ನಾನು ಹೊಸ ಸೆಲ್ಲು ಕೇಳಲು ಮಾಲೀಕರ ಹತ್ತಿರ ಹೋದೆ.
ಕೊಡಲಿಲ್ಲ.