ಬಿರಡೆಯವಳು

ಇಪ್ಪತ್ತಾರು ವರ್ಷ ಬಿರಡೆ ಮಾರಿದ್ದೇನೆ.
ಪೋರ್ಚುಗಲ್ಲಿನ ಲಾಮಾಸ್‌ನಿಂದ ಗಡಿ ದಾಟಿ
ಗಲೀಸಿಯಾದ ಬೆಟ್ಟಗಳ ವೈನ್ ಮನೆಗಳಿಗೆ,
ಹಿಂದಿನ ಸೀಟಿನಲ್ಲಿ ಮಾದರಿಗಳ ಚೀಲ,
ಬೇಸಿಗೆಯಲ್ಲಿ ಕಾರೊಳಗೆಲ್ಲ ಒಣ ತೊಗಟೆಯ ವಾಸನೆ.

ಈ ಕಸುಬಿನಲ್ಲಿ ಮೊದಲು ಕಲಿಯುವುದು ಕಾಯುವುದನ್ನು.
ಎಷ್ಟೋ ಕಚೇರಿಗಳ ಕುರ್ಚಿಗಳು ನನ್ನ ಬೆನ್ನನ್ನು ಬಲ್ಲವು.
ಒಳಗೆ ನಗು, ಕಾಫಿಯ ಚಮಚದ ಸದ್ದು;
ಹೊರಗೆ ಹುಡುಗಿ ಬಂದು ‘ಸಾಹೇಬರಿಲ್ಲ’ ಎನ್ನುತ್ತಾಳೆ
ಮುಖ ಕೆಂಪಗಾಗಿ. ಪಾಪ, ಅವಳದೇನು ತಪ್ಪು.
‘ನೋಡೋಣ’, ‘ಮುಂದಿನ ವಾರ’, ‘ಪತ್ರ ಹಾಕಿ’,
ನಾಳೆ ಬಾ, ನಾಳೆ ಬಾ.
ನಾನೇನು ದೆವ್ವವೇ, ಬಾಗಿಲ ಬರಹ ಓದಿ ಹಿಂದಿರುಗಲು?
ಓದಿ ಹಿಂದಿರುಗುತ್ತಿದ್ದೆ.
ಪೆಟ್ರೋಲಿನ ಲೆಕ್ಕ ಬರೆದಿಡುತ್ತಿದ್ದೆ.

ಮಾರುವವರೇನು ಸಾಚಾಗಳಲ್ಲ.
ಮೂಟೆಯ ಮೇಲ್ಪದರಕ್ಕೆ ಚೊಕ್ಕ ಬಿರಡೆ, ಕೆಳಗೆಲ್ಲ ತೂತಿನವು;
ಒಂದು ಊಟ ಹಾಕಿಸಿ ಜನ್ಮವಿಡೀ ಅದನ್ನೇ ಎತ್ತಿ ಆಡುವವರು;
ಫೋನೆತ್ತಿದೊಡನೆ ಹೆಂಡತಿ ಮಕ್ಕಳ ಕ್ಷೇಮ ಕೇಳಿ
ಉತ್ತರ ಮುಗಿಯುವ ಮುನ್ನ ದರ ಹೇಳುವವರು.
ನಾನೂ ಹೇಳಿದ್ದೇನೆ.

ಎಲಾದಿಯೊ ಕಿಂತಾಸ್. ವಾಲ್ದೆಯೋರಾಸ್ ಕಣಿವೆ.
ವರ್ಷಕ್ಕೆ ನಲವತ್ತು ಸಾವಿರ ಬಿರಡೆ, ದೊಡ್ಡ ಗಿರಾಕಿಯೇನಲ್ಲ.
ಚೌಕಾಸಿಗೆ ಕೂತರೂ ಮಾಲನ್ನು ಹಳಿದವನಲ್ಲ.
‘ಬಿರಡೆ ಚೆನ್ನಾಗಿದೆ, ನನ್ನ ಜೇಬು ಚೆನ್ನಾಗಿಲ್ಲ’ ಎನ್ನುತ್ತಿದ್ದ;
ಅರ್ಧ ಸೆಂಟಿಗಾಗಿ ಒಂದು ಗಂಟೆ ಜಗ್ಗಾಡುತ್ತಿದ್ದೆವು.

ಒಂದು ಮಾರ್ಚಿನಲ್ಲಿ, ಅವನಿಗೆ ಕಳಿಸಿದ ಮೂಟೆಯಿಂದ
ಉಳಿಸಿಕೊಂಡ ಹತ್ತು ಬಿರಡೆ ನೀರಲ್ಲಿ ನೆನೆಸಿಟ್ಟಿದ್ದೆ.
ಎರಡರಲ್ಲಿ ನೆಲಮಾಳಿಗೆಯ ಮುಗ್ಗು ವಾಸನೆ.
ಬೆಳಗಾದರೆ ಅವನು ಬಾಟಲಿ ತುಂಬುವ ದಿನ.
ಫೋನನ್ನು ಮೂರು ಸಲ ಎತ್ತಿ ಇಟ್ಟೆ:
ದುಡ್ಡು ಬಂದಾಗಿದೆ; ಯಾರ ಮೂಗು ಅಷ್ಟು ಚುರುಕು?
ನಾಲ್ಕನೆಯ ಸಲ, ರಾತ್ರಿ ಹನ್ನೊಂದಕ್ಕೆ,
‘ಮುಚ್ಚಬೇಡಿ’ ಎಂದೆ.
ಅವನು ಬೈಯಲಿಲ್ಲ, ಹೊಗಳಲೂ ಇಲ್ಲ.
‘ಬೇರೆಯವು ಬರಲು ಎಷ್ಟು ದಿನ?’ ಎಂದಷ್ಟೇ ಕೇಳಿದ.

ಎಂಟು ವರ್ಷದ ಮೇಲೆ ಅವನು ತಿರುಪಿನ ಮುಚ್ಚಳಕ್ಕೆ ಹೋದ.
ಪತ್ರ ಬರೆದು ಮುಗಿಸಬಹುದಿತ್ತು,
ಏನೂ ಬರೆಯದೆಯೂ ಮುಗಿಸಬಹುದಿತ್ತು.
ಮೂರೂವರೆ ಗಂಟೆ ವ್ಯಾನು ಓಡಿಸಿಕೊಂಡು ತಾನೇ ಬಂದ,
ಟೋಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು
ಕೂತ ಎರಡನೆಯ ನಿಮಿಷಕ್ಕೇ ‘ಇನ್ನು ಬೇಡ, ಜುಲ್ಮಿರಾ’ ಎಂದ.
ಹಳೇ ಬಾಕಿ ಎಣಿಸಿ ಮೇಜಿನ ಮೇಲಿಟ್ಟ.
ಬೆಟ್ಟದಾಚೆಯ ಇಬ್ಬರ ಹೆಸರು ಬರೆದುಕೊಟ್ಟ:
ಒಬ್ಬ ಸಭ್ಯ, ಇನ್ನೊಬ್ಬ ಹಣ ಕೊಡುವುದು ತಡ,
ಅದನ್ನೂ ಹೇಳಿಯೇ ಕೊಟ್ಟ.
ಉಳಿದ ಹೊತ್ತೆಲ್ಲ ಸೊಪ್ಪಿನ ಸಾರು ಕುಡಿದೆವು,
ಅವನ ಮೊಮ್ಮಗನ ಹಲ್ಲಿನ ತಂತಿಯ ಖರ್ಚಿನ ಬಗ್ಗೆ ಮಾತಾಡಿದೆವು.
ಆ ವರ್ಷ ನನಗೆ ನಷ್ಟವಾಯಿತು. ಅವಮಾನವಾಗಲಿಲ್ಲ.
ಎರಡಕ್ಕೂ ಬೇರೆ ಬೇರೆ ಖಾನೆಯೆಂದು
ಅಲ್ಲಿಯವರೆಗೆ ನನಗೆ ಯಾರೂ ಕಲಿಸಿರಲಿಲ್ಲ.

ತೊಗಟೆ ಸುಲಿದ ಓಕ್ ಮರದ ಕೆಂಪು ಮೈಮೇಲೆ
ನಮ್ಮಲ್ಲಿ ಬಿಳಿ ಬಣ್ಣದಲ್ಲಿ ಒಂದು ಅಂಕಿ ಬರೆಯುತ್ತಾರೆ,
ಸುಲಿದ ವರ್ಷದ ಕೊನೆಯ ಅಂಕಿ.
ಇನ್ನು ಒಂಬತ್ತು ವರ್ಷ ಯಾರೂ ಮುಟ್ಟುವ ಹಾಗಿಲ್ಲ.
ಕೊಡಲಿಯ ಏಟು ಒಂದು ಬೆರಳು ಆಳ ಹೋದರೆ ಮರ ಸಾಯುತ್ತದೆ.
ಕೊಡಲಿ ಹಿಡಿದವನಿಗೆ ಗೊತ್ತು:
ಮತ್ತೆ ಬರಬೇಕಾದದ್ದು ಇಲ್ಲಿಗೇ.

ಈಗ ನಾನು ಬಾಗಿಲ ಒಳಬದಿಯವಳು.
ಹೊರಗೆ ಕುರ್ಚಿಯಲ್ಲಿ ಅಂಟು ಮಾರಲು ಬಂದ ಹುಡುಗ,
ಹತ್ತೂವರೆಯಿಂದ.
ನನಗೆ ಅಂಟು ಬೇಡ. ಹಸಿವಾಗಿದೆ. ಹಿಂಬಾಗಿಲೊಂದಿದೆ.
‘ಇಲ್ಲವೆಂದು ಹೇಳು’ ಎನ್ನಲು ಫೋನಿನ ಗುಂಡಿಯ ಮೇಲೆ
ಬೆರಳಿಟ್ಟದ್ದೂ ಆಗಿತ್ತು.

ಎದ್ದು ಹೋಗಿ ಬಾಗಿಲು ತೆರೆದೆ.
ಅವನು ತಟ್ಟನೆ ನಿಂತ; ಮಡಿಲಿನ ಡಬ್ಬಿಗಳೆಲ್ಲ ನೆಲಕ್ಕುರುಳಿದವು.
ಇಬ್ಬರೂ ಬಗ್ಗಿ ಹೆಕ್ಕಿದೆವು.
‘ಬೇಡ’ ಎಂದೆ, ಮೊದಲೇ.
ಆಮೇಲೆ ಕೇಳಿದೆ, ಊಟವಾಯಿತೇ ಎಂದು,
ಅವನ ಉತ್ತರ ಮುಗಿಯುವವರೆಗೆ ನಿಂತಿದ್ದೆ.