ಸೊನ್ನೆಯ ಬಾಟ್ಲಿ

ನಾ ಈ ಲ್ಯಾಬಿನಾಗ ಬಾಟ್ಲಿ ತೊಳಿಯಾಂವ, ಭೀಮಶಾ.
ಇಪ್ಪತ್ತೊಂದು ವರ್ಷದಾಗ ಕಲ್ತಿದ್ದು ಇಷ್ಟೇ:
ಮೂರು ಸಲ ನಳದ ನೀರು, ಒಂದು ಸಲ ಆಸಿಡ್ಡು,
ಆಮ್ಯಾಗ ಭಟ್ಟಿ ಇಳಿಸಿದ ನೀರು.
ಬೋರಲ ಹಾಕಬೇಕು. ಒರೆಸಬಾರದು.
ಒರೆಸೋ ಬಟ್ಟಿಗೂ ತನ್ನದೊಂದು ಕಥಿ ಇರ್ತದ,
ಅದು ಬಾಟ್ಲಿಗಿ ಹತ್ತತದ.

ಫರ್ಹಾನಾ ಮೇಡಂ ಅವ್ರ ಪಿಎಚ್‌ಡಿ ತೊಗರಿ ಕಟಗಿ ಮ್ಯಾಲ.
ರಾಶಿ ಮುಗದ ಮ್ಯಾಗ ಹೊಲದಾಗ ಸುಡ್ತಾರಲ್ಲ, ಅದೇ ಕಟಗಿ.
ಗಾಳಿ ಹೋಗದಂಗ ಡ್ರಮ್ಮಿನಾಗ ಮುಚ್ಚಿ ಸುಟ್ಟು,
ಅರೆದು, ಪಟಕದ ನೀರಾಗ ನೆನಸಿ ಬಿಸಲಿಗಿ ಹಾಕತಾರ.
ಕಲಬುರಗಿ ಬಿಸಲಿಗಿ ಯಾವ ಆಫೀಸೂ ಬಿಲ್ಲು ಕೇಳಂಗಿಲ್ಲ.
ಕರೀ ಪುಡಿ. ನೀರಿನಾಗಿನ ಫ್ಲೋರೈಡು ಬಂದು
ಅದಕ್ಕ ಅಂಟಕೋತದಂತ. ಒಂದೂವರಿ ದಾಟಿದರ
ಹಲ್ಲು ಹಳದಿ, ಆಮ್ಯಾಗ ಮೊಣಕಾಲು, ಆಮ್ಯಾಗ ಸೊಂಟ.

ಹದಿನೇಳು ಹಳ್ಳಿ ನೀರು ತಂದಾರ,
ಸ್ಕೂಟಿ ಮ್ಯಾಲ, ಕಾಲಿನ ನಡಕ ಕ್ಯಾನಿಟ್ಟು.
ಒಂದೂರಾಗ ಮುದುಕಿ ಕೇಳಿದಳಂತ:
“ನಮ್ಮ ನೀರಿಗಿ ಏನ್ ಜಡ್ಡು ಬಂದದವ್ವ,
ದವಾಖಾನಿಗಿ ಒಯ್ಯಲಕತ್ತಿ?”

ಆ ದಿನ ಭಟ್ಟಿ ಯಂತ್ರದ ಕಾಯಿಲ್ ಸುಟ್ಟಿತ್ತು.
ಅಳಿಲಕ್ಕ ಒಂದು ಸೊನ್ನಿ ಬೇಕು ನೋಡ್ರಿ,
ಏನೂ ಇಲ್ಲದ ನೀರು, ಒಂದು ಬಾಟ್ಲಿ.
“ನಮ್ಮ ಓಣಿ ಬೋರು ಸಕ್ಕರಿ ಇದ್ದಂಗ ಅದ” ಅಂದೆ, ಎದಿ ಉಬ್ಬಿಸಿ.
ಅಕ್ಕನ ಲಗ್ನಕ್ಕ ಬೀಗರು ಬಂದಾಗೂ ಹಂಗೇ ಅಂದಿದ್ದೆ.
ಮರುದಿನ ತಂದೆ. ಬಾಟ್ಲಿ ನೇಮದ ಪ್ರಕಾರ ತೊಳದೇ ತಂದೆ.

ಮೇಡಂ ಕಡ್ಡಿ ಅದ್ದಿದರು. ಅಂಕಿ ಓಡಿತು, ನಿಂತಿತು.
ತಗದು, ತೊಳದು, ಮತ್ತ ಅದ್ದಿದರು.
ಮೂರು ಪಾಯಿಂಟ್ ಒಂದು.
ಹದಿನೇಳರಾಗ ಹನ್ನೆರಡು ಊರಿನ ನೀರು ಇದಕ್ಕಿಂತ ಛಲೋ.

ಮಾಲಿಪಾಟೀಲ ಸರ್ ಚಷ್ಮಾ ಏರಿಸಿ ನೋಡಿ
“ಬ್ಲ್ಯಾಂಕ್ ಕೆಟ್ಟದ, ಚೆಲ್ಲರಿ” ಅಂದರು.
ತಪ್ಪಿಲ್ಲ ಅವರದು. ಕೋಷ್ಟಕದಾಗ ಸೊನ್ನಿಗಿ ಊರು ಇರಂಗಿಲ್ಲ,
ಓಣಿ ಇರಂಗಿಲ್ಲ, ಹತ್ತನೇತ್ತ ಓದೋ ಮಗಳು ಇರಂಗಿಲ್ಲ.

ಚೆಲ್ಲೋದು ನನ್ನ ಕೆಲಸ. ಸಿಂಕಿನ ಮುಂದ ನಿಂತೆ.
ಕೈ ಓಡಲಿಲ್ಲ.
ಹಾಲ್‌ಟಿಕೆಟ್ ಫೋಟೋಕ್ಕ ಯಶೋಧರಾ
ತುಟಿ ಹೊಲದಂಗ ಕುಂತಿದ್ದಳು.
ನಗು ಬಂದರ ಅಂಗೈ ಮೊದಲು ಬಾಯಿಗಿ ಹೋಗ್ತದ,
ಆರೇಳು ವರ್ಷ ಆಯ್ತು.
ನಾ ಅದಕ್ಕ ಮರ್ಯಾದಿ ಅಂದಿದ್ದೆ. ನಾಕ್ ಮಂದಿ ಮುಂದ ಹೊಗಳಿದ್ದೆ.
ಛಂದಗ ಹಲ್ಲು ತಿಕ್ಕಂಗಿಲ್ಲ ಅಂತ ಬೈದಾಂವನೂ ನಾನೇ.

ಸಂಜಿಗಿ ಮೇಡಂ ಬಾಟ್ಲಿ ನನ್ನ ಕೈಯಿಂದ ತಗೊಂಡು
ಬಿಳಿ ಪಟ್ಟಿ ಹಚ್ಚಿ ೧೮ ಅಂತ ಬರದರು.
ಏನೂ ಮಾತಾಡಲಿಲ್ಲ.

ಪ್ರಬಂಧದಾಗ ಹದಿನೇಳೇ ಅವ. ಕೆಂಪು ರಟ್ಟು ಹಾಕಿ
ಬಂಗಾರ ಅಕ್ಷರದಾಗ ಕಪಾಟು ಸೇರ್ಯದ.
ಹದಿನೆಂಟನೇದು ನಮ್ಮ ಅಡಗಿಮನ್ಯಾಗ ಅದ:
ತಳಕ್ಕ ತೂತಿದ್ದ ಗಡಿಗಿ, ಉಸುಕು, ತೊಗರಿ ಇದ್ದಿಲು, ಮತ್ತ ಉಸುಕು.
ಒಂದು ಕೊಡ ತುಂಬಲಕ್ಕ ಒಂದು ರಾತ್ರಿ ಪೂರಾ.
ಹನಿ ಸಪ್ಪಳಕ್ಕ ನನ್ನ ಹೆಂಡತಿಗಿ ನಿದ್ದಿ ಹತ್ತಂಗಿಲ್ಲ,
ನಿಂತರ ನನಗ ಹತ್ತಂಗಿಲ್ಲ.
ಹನ್ನೊಂದು ದಿನಕ್ಕ ಇದ್ದಿಲು ದಣಿತದ.
“ದಣಿದಿದ್ದು ಎಲ್ಲಿ ಚೆಲ್ಲಬೇಕ್ರಿ?” ಅಂತ ಕೇಳಿದೆ.
ಮೇಡಂ ಬಾಳೊತ್ತು ಕಿಟಕಿ ಕಡಿ ನೋಡಿ
“ಅದಕ್ಕ ಇನ್ನೊಂದು ಪಿಎಚ್‌ಡಿ ಬೇಕು ಭೀಮಶಾ” ಅಂದರು.

ಯಶೋಧರಾಗ ಈ ನೀರು ತಡ ಆಯ್ತು.
ಸಣ್ಣಾಂವನ ಹಾಲಹಲ್ಲು ಇನ್ನಾ ಅಲಗ್ಯಾಡಿಲ್ಲ;
ಒಸಡಿನೊಳಗ ಕುಂತ ಹಲ್ಲು ಈಗ ಇದನ್ನೇ ಕುಡೀಲಕತ್ಯಾವ.

ನಿನ್ನಿ ರಾತ್ರಿ ಮಗ್ಗಲ ಮನಿ ನಿಂಗಮ್ಮ
ಥಂಡಾ ಕುಡದ ಖಾಲಿ ಬಾಟ್ಲಿ ಹಿಡಕೊಂಡು ಬಂದಳು,
“ನಮ್ಮ ಬೋರಿಂದೂ ಒಂದಿಷ್ಟು ನೋಡಸು” ಅಂತ.
“ತರ್ರಿ. ಮೊದಲ ಮೂರು ಸಲ ತೊಳಿರಿ, ಒರೆಸಬ್ಯಾಡ್ರಿ” ಅಂದೆ.

“ಯಾವ ನೀರ್‌ಲಿಂದ ತೊಳೀಲಿ?” ಅಂದಳು.